ಕೈತೋಟದ ಮಣ್ಣು ಯಾರದು?

ವಿಷರಹಿತವಾದ ಸೊಪ್ಪನ್ನು ಉಣ್ಣಬೇಕೆಂದು ಹಿತ್ತಿಲಲ್ಲಿ ಸಾವಯವ ಕೈತೋಟಕ್ಕೆ ತೊಡಗುವುದು ಸ್ತುತ್ಯವೇ ಸರಿ. ಆದರೆ ಅದಕ್ಕೆ ಕೂಡಿಹಾಕುವ ಸಾಮಗ್ರಿಯು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಹೊಲದ ಮೇಲ್ಮಣ್ಣನ್ನು ಗಾಡಿಗಟ್ಟಲೆ ತರಿಸುವುದುಂಟು. ಒಂದಂಗುಲ ಮೇಲ್ಮಣ್ಣು ಉಂಟಾಗಲು ಶತಮಾನಗಳೇ ಹಿಡಿಯುವುವು. ಹಣ ತೆತ್ತ ಮಾತ್ರಕ್ಕೆ ಆ ಹೊಲದ ನಷ್ಟವು ತುಂಬೀತೆ? ಮಾರುವವನು ಒಪ್ಪಿದನಲ್ಲ ಎಂಬುದು ವ್ಯಾಪಾರದ ಉತ್ತರವೇ ಹೊರತು ಧರ್ಮದ ಉತ್ತರವಲ್ಲ. ಕಾಡಿನ ತರಗೆಲೆಯು ನಮಗೆ ಕಸ, ಮರಕ್ಕೆ ಮುಂದಿನ ಅನ್ನ. ಉತ್ತರ ಕನ್ನಡದ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳನ್ನು ಗೊತ್ತುಪಡಿಸಿರುವುದನ್ನು ನೋಡಿದರೆ ಸೊಪ್ಪಿಗೂ ಒಂದು ಮೇರೆಯುಂಟೆಂದು ತಿಳಿಯುವುದು. ಬೀದಿಯ ಸಗಣಿಯಾದರೂ ಬೆರಣಿ ತಟ್ಟಿ ಬಾಳುವವಳ ಪಾಲಾಗಿರಬಹುದು.

ಹಾಗಾದರೆ ತೋಟವೇ ಬೇಡವೆ? ಹಾಗಲ್ಲ. ತನ್ನ ಅಡಿಗೆಮನೆಯ ಸಿಪ್ಪೆ, ತನ್ನಂಗಳದಲ್ಲಿ ಉದುರಿದ ಎಲೆ, ಇವುಗಳ ಮೇಲೆ ಅನ್ಯರ ಹಕ್ಕಿಲ್ಲ. ಹಸಿಯ ಒಂದು ಪಾಲಿಗೆ ಒಣಗಿದ್ದು ಎರಡು ಮೂರು ಪಾಲು ಬೆರೆಸಿ, ತೇವವಾರದಂತೆ ಕಾಪಾಡಿ, ಆಗಾಗ್ಗೆ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗುವುದು. ಆಲ್ಬರ್ಟ್ ಹೋವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿ ರೂಪಿಸಿದ ಪದ್ಧತಿಯೂ ಹೊಲದ ಕಸವನ್ನು ಹೊಲಕ್ಕೇ ಹಿಂದಿರುಗಿಸುವಂಥದು. ಬೇವಿನ ಹಿಂಡಿಯನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಮಣ್ಣು ಸಾಲದಿದ್ದರೆ ಮಡಿಯನ್ನು ಕಿರಿದುಮಾಡಬೇಕು. ಈ ವರ್ಷ ಎರಡೇ ಕುಂಡಗಳು ತುಂಬಿದರೆ ಎರಡರಲ್ಲಿಯೇ ಮೆಂತೆಯನ್ನು ಬಿತ್ತುವುದು.