ಹಗೇವು ಮತ್ತು ಅಪರಿಗ್ರಹ

ಕಪಿಲೆಯ ದಡದ ನಂಜನಗೂಡಿನಲ್ಲಿ ನೆಲೆಸಿದ ಶ್ರೀಕಂಠೇಶ್ವರನು ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಲೋಕದ ಸಲುವಾಗಿ ಕಂಠದಲ್ಲಿ ತಡೆದಿಟ್ಟು ನಂಜುಂಡನೆನಿಸಿದವನು. ರೋಗ ಕಳೆಯುವ ವೈದ್ಯನೆಂದು ಭಕ್ತರು ನಂಬುವ ಈ ದೇವರನ್ನು ಟಿಪ್ಪು ಸುಲ್ತಾನನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿಯೂ ಇದೆ. ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. ನೀರೇ ತೀರ್ಥವಾಗುವ ಈ ನೆಲದಲ್ಲಿ ನಿಂತು, ನೀರಿನಿಂದಲೇ ಹರಡುವ ಕಾಲರಾದ ಲಸಿಕೆಯನ್ನು ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಯೊಂದನ್ನು ಕೇಳಬಹುದು: ಇಂದು ಬೇಡುವವನಿರುವಾಗ ನಾಳೆಯವನಿಗೆಂದು ಕೂಡಿಡುವುದು ಧರ್ಮವೇ?

ಕೂಡಿಡುವುದನ್ನು ಈ ನಾಡಿನ ಚಿಂತನೆ ಅನುಮಾನದಿಂದಲೇ ನೋಡಿದೆ. ಅಗತ್ಯ ಮೀರಿದ್ದನ್ನು ತನ್ನದೆಂದು ಹಿಡಿದಿಡದಿರುವ ವ್ರತವನ್ನು ಜೈನರು ಅಪರಿಗ್ರಹವೆಂದರು. ದುಡಿದದ್ದನ್ನು ಕೊಟ್ಟೆನೆಂಬ ಅಹಂಕಾರವಿಲ್ಲದೆ ಸಮಾಜಕ್ಕೆ ಸಲ್ಲಿಸುವುದನ್ನು ಶರಣರು ದಾಸೋಹವೆಂದರು, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ಅದು ಇಂದಿಗೂ ನಡೆಯುತ್ತಿದೆ. ಆದರೆ ಇದೇ ಸೀಮೆಯ ರೈತ ಬರಗಾಲಕ್ಕೆಂದು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದ. ಬಾಯಿ ತೆರೆದೊಡನೆ ಇಳಿಯದೆ, ಕೆಟ್ಟ ಗಾಳಿ ಹೋಗಲು ಬಿಟ್ಟು, ಇಳಿಬಿಟ್ಟ ದೀಪ ಆರದಿರುವುದನ್ನು ಕಂಡ ಮೇಲೆಯೇ ಒಳಗಿಳಿಯುತ್ತಿದ್ದ. ಇದನ್ನು ಲೋಭವೆನ್ನಲಾಗದು. ನಂಜುಂಡನು ವಿಷವನ್ನು ಹಿಡಿದಿಟ್ಟದ್ದು ಹೇಗೆ ತನಗಾಗಿ ಅಲ್ಲವೋ, ಹಾಗೆಯೇ ಸಂಗ್ರಹದ ದೋಷವೂ ಅದು ಯಾರ ಹೆಸರಿನಲ್ಲಿದೆ ಎಂಬುದನ್ನೇ ಅವಲಂಬಿಸಿದೆ.

2013ರಲ್ಲಿ ಆರಂಭವಾದ ಜಾಗತಿಕ ಕಾಲರಾ ಲಸಿಕೆಯ ತುರ್ತು ದಾಸ್ತಾನಿನಿಂದ ಯಾವ ದೇಶಕ್ಕೆ ಎಷ್ಟೆಂದು ನಿರ್ಧರಿಸುವುದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೆಡ್‌ಕ್ರಾಸ್ ಸಂಘಗಳ ಒಕ್ಕೂಟ ಮತ್ತು ಎಂಎಸ್‌ಎಫ್ ವೈದ್ಯರ ಸಂಘಟನೆ ಸೇರಿದ ಸಮನ್ವಯ ತಂಡ. ಆದ್ದರಿಂದ ಆ ದಾಸ್ತಾನು ಯಾವೊಂದು ದೇಶದ ಸೊತ್ತೂ ಅಲ್ಲ, ಇನ್ನೂ ಕಾಯಿಲೆ ಬೀಳದ, ಹೆಸರೇ ಗೊತ್ತಿಲ್ಲದವನ ಪಾಲು. ಆದರೆ ಲಸಿಕೆ ರಾಗಿಯಂತೆ ಬಾಳದು, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೂ ಅದಕ್ಕೊಂದು ಅವಧಿಯಿದೆ. ನರಸೀಪುರದ ಮಕ್ಕಳಿಗೆ ಹಾಕುವ ಪೋಲಿಯೊ ಹನಿಯ ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೊಂದು ತಿಳಿಬಣ್ಣದ ಚೌಕ ಇರುತ್ತದೆ. ಶಾಖ ತಗುಲಿದಂತೆಲ್ಲ ಚೌಕ ಕಪ್ಪಿಡುತ್ತ ಹೋಗಿ, ವೃತ್ತದ ಬಣ್ಣಕ್ಕೆ ಸಮವಾದರೆ ಸೀಸೆಯನ್ನು ಬಿಸಾಡಬೇಕು. ಅಳತೆ ಮೀರಿ ಹಿಡಿದಿಟ್ಟದ್ದೂ ಹೀಗೆಯೇ ಕೈಯಲ್ಲೇ ಕೆಡುವುದರಿಂದ, ಲಸಿಕೆಯ ದಾಸ್ತಾನು ಹಗೇವಿಗಿಂತ ಕೆರೆಯನ್ನು ಹೋಲಬೇಕು: ಹಳೆಯದು ಅವಧಿಗೆ ಮುನ್ನವೇ ಊರುಗಳಿಗೆ ಹರಿದು ಹೊಸದು ಬಂದು ಸೇರಬೇಕು.

ಆ ಕೆರೆ 2022ರಲ್ಲಿ ಬತ್ತಿತು. ಹಲವು ದೇಶಗಳಲ್ಲಿ ಒಮ್ಮೆಗೇ ಕಾಲರಾ ಕಾಣಿಸಿಕೊಂಡು ಬೇಡಿಕೆ ಪೂರೈಕೆಯನ್ನು ಮೀರಿದ್ದರಿಂದ, ಆ ಅಕ್ಟೋಬರಿನಲ್ಲಿ ಸಮನ್ವಯ ತಂಡವು ಎರಡು ಡೋಸುಗಳ ಕ್ರಮವನ್ನು ತಾತ್ಕಾಲಿಕವಾಗಿ ಕೈಬಿಟ್ಟು ಒಂದಕ್ಕೆ ಇಳಿಯಿತು. ಉದ್ಧರಣೆಯ ತೀರ್ಥದಂತೆ ಒಂದು ಗುಟುಕಿನಷ್ಟೇ ಕುಡಿಸುವ ಈ ಲಸಿಕೆ ಎರಡು ಬಾರಿ ಸಿಕ್ಕರೆ ಸುಮಾರು ಮೂರು ವರ್ಷ ಕಾಯುತ್ತದೆ, ಒಂದೇ ಬಾರಿಯಾದರೆ ಅಲ್ಪಕಾಲ. ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಅರೆಹೊಟ್ಟೆಗಾದರೂ ಬಡಿಸಬೇಕೋ, ಅರ್ಧ ಪಂಕ್ತಿಯನ್ನು ಹಸಿದೇ ಎಬ್ಬಿಸಬೇಕೋ ಎಂಬ ಇಕ್ಕಟ್ಟಿನಲ್ಲಿ ದಾಸೋಹದ ಮನಸ್ಸು ಮೊದಲನೆಯದನ್ನೇ ಆರಿಸುತ್ತದೆ, ಅದು ಸರಿಯೂ ಹೌದು. ಆದರೂ ಅದನ್ನು ಜಾಣ ಉಳಿತಾಯವೆಂದು ಹೊಗಳುವುದು ತಪ್ಪು. ಅದು ಆಪದ್ಧರ್ಮ, ಅಂದರೆ ಸಂಕಟ ಇರುವಷ್ಟು ಕಾಲ ಮಾತ್ರ ಸಲ್ಲುವ ನಡೆ. ಎರಡನೆಯ ಗುಟುಕನ್ನು ಬಿಟ್ಟುಕೊಟ್ಟವನು ಒಪ್ಪಿ ದಾನ ಮಾಡಿಲ್ಲ, ಅವನನ್ನು ಕೇಳದೆಯೇ ಅದು ಇನ್ನೊಬ್ಬನ ಬಾಯಿಗೆ ಹೋಗಿದೆ. ಹೀಗಾಗಿ ಅದು ಲೋಕದ ಮೇಲಿನ ಋಣವಾಗಿ ಉಳಿಯುತ್ತದೆ, ಪೂರೈಕೆ ಚೇತರಿಸಿದಂತೆ ಹೊಸ ಕೋರಿಕೆಗಳ ಜೊತೆಗೆ ಒಂದೇ ಡೋಸಿಗೆ ನಿಂತ ಊರುಗಳ ಬಾಕಿಯನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ.