ಅಂತ್ಯಸಂಸ್ಕಾರಕ್ಕೆ ಹೋಗದ ಹುಡುಗ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಹೈಸ್ಕೂಲಿನಲ್ಲಿ ಪಠ್ಯವಾಗಿ ಓದುವ ಕಾದಂಬರಿಗಳಲ್ಲಿ ಜೆ. ಡಿ. ಸ್ಯಾಲಿಂಜರ್ ಅವರ ‘ದಿ ಕ್ಯಾಚರ್ ಇನ್ ದ ರೈ’ ಎಂಬುದೂ ಒಂದು. 1951ರ ಜುಲೈ ತಿಂಗಳಲ್ಲಿ ಪ್ರಕಟವಾದ ಈ ಪುಸ್ತಕವನ್ನು ಮಗನೋ ಮಗಳೋ ಊಟದ ಮೇಜಿನ ಮೇಲೆ ಮರೆತು ಹೋದಾಗ ಕುತೂಹಲದಿಂದ ನಾಲ್ಕು ಪುಟ ತಿರುವಿದ ತಂದೆತಾಯಿಗಳಿಗೆ, ಅದರ ಬೈಗುಳಗಳೂ ಸಿಗರೇಟಿನ ಹೊಗೆಯೂ ಶಾಲೆಯಿಂದ ಹೊರದೂಡಲ್ಪಟ್ಟ ಹುಡುಗನೊಬ್ಬನ ನಿರರ್ಥಕವೆಂದು ತೋರುವ ಅಲೆದಾಟವೂ ಮೊದಲು ಕಣ್ಣಿಗೆ ಬೀಳುವುವಾದ್ದರಿಂದ, ಇಂಥದ್ದನ್ನು ಓದಿಸಿ ಮಕ್ಕಳಿಗೆ ಏನನ್ನು ಕಲಿಸುತ್ತಾರೋ ಎಂದು ಅವರು ಕಳವಳಪಡುವುದು ಸಹಜವೇ ಆಗಿದೆ. ಕಡೆಯ ಪುಟದವರೆಗೆ ಸಹನೆಯಿಂದ ಓದಿದವರಿಗೆ ಮಾತ್ರ ಆ ಉದ್ಧಟತನದ ತಳದಲ್ಲಿ ಕುಳಿತಿರುವ ಒಂದು ಸಾವು ಗೋಚರಿಸುತ್ತದೆ. ಗೋಚರಿಸಿದ ಮೇಲೆ, ತುಮಕೂರು ಸೀಮೆಯಿಂದ ಬಂದ ನನ್ನಂಥವನಿಗೆ, ತಿಪಟೂರಿನ ಕಡೆಯ ಹಳ್ಳಿಗಾಡಿನಲ್ಲಿ ನಡೆಯುವ ಇನ್ನೊಂದು ಕಾದಂಬರಿಯ ಇನ್ನೊಬ್ಬ ಹುಡುಗನು ಅವನ ಪಕ್ಕದಲ್ಲಿಯೇ ಬಂದು ನಿಲ್ಲುತ್ತಾನೆ.

ಸ್ಯಾಲಿಂಜರ್ ಅವರ ಕಾದಂಬರಿಯಲ್ಲಿ ಕಥೆಯನ್ನು ಹೇಳುವವನು ಹೋಲ್ಡನ್ ಕಾಲ್‌ಫೀಲ್ಡ್. ಹೇಳುವಾಗ ಅವನಿಗೆ ಹದಿನೇಳು ವರ್ಷ, ನಡೆದಾಗ ಹದಿನಾರು. ಪೆನ್ಸಿಲ್ವೇನಿಯಾದ ವಸತಿಶಾಲೆಯೊಂದರಲ್ಲಿ ಇಂಗ್ಲಿಷೊಂದನ್ನುಳಿದು ಮಿಕ್ಕ ವಿಷಯಗಳಲ್ಲೆಲ್ಲ ಅನುತ್ತೀರ್ಣನಾಗಿ, ಕ್ರಿಸ್ಮಸ್ ರಜೆಗೆ ಮೊದಲೇ ಅಲ್ಲಿಂದ ಹೊರಟು, ಮನೆಯಿರುವ ನ್ಯೂಯಾರ್ಕಿನಲ್ಲಿಯೇ ಮನೆಗೆ ಹೋಗಲಾರದೆ ಹೋಟೆಲು, ರೈಲ್ವೆ ನಿಲ್ದಾಣ, ಉದ್ಯಾನಗಳಲ್ಲಿ ಕಾಲ ಕಳೆಯುವ ಈ ಹುಡುಗನಿಗೆ ಆಲಿ ಎಂಬ ತಮ್ಮನಿದ್ದನು. ಎರಡು ವರ್ಷ ಕಿರಿಯನಾದ ಆ ಕೆಂಗೂದಲಿನ ಬಾಲಕನು, ಬೇಸ್‌ಬಾಲ್ ಆಟದಲ್ಲಿ ಚೆಂಡು ತನ್ನೆಡೆಗೆ ಬಾರದ ಹೊತ್ತಿನಲ್ಲಿ ಓದಿಕೊಳ್ಳಲೆಂದು ತನ್ನ ಕೈಗವಸಿನ ಮೇಲೆಲ್ಲ ಹಸಿರು ಮಸಿಯಲ್ಲಿ ಪದ್ಯಗಳನ್ನು ಬರೆದಿಟ್ಟುಕೊಂಡಿದ್ದವನು. 1946ರ ಜುಲೈ 18ರಂದು ರಕ್ತದ ಕ್ಯಾನ್ಸರು ಅವನನ್ನು ಒಯ್ದಿತು. ಆ ರಾತ್ರಿ ಹದಿಮೂರು ವರ್ಷದ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಬರಿಯ ಮುಷ್ಟಿಯಿಂದ ಅಲ್ಲಿನ ಕಿಟಕಿಗಳನ್ನೆಲ್ಲ ಒಡೆದು ಹಾಕಿದನು. ಮುರಿದ ಕೈಯೊಡನೆ ಆಸ್ಪತ್ರೆ ಸೇರಿದನು. ತಮ್ಮನನ್ನು ಮಣ್ಣು ಮಾಡುವಾಗ ಅವನು ಅಲ್ಲಿರಲಿಲ್ಲ.

ಈ ಕಡೆಯ ಸಂಗತಿಯನ್ನು ಅವನು ಪುಸ್ತಕದ ಕೊನೆಯ ಭಾಗದಲ್ಲಿ, ದಾರಿಯಲ್ಲಿ ಏನೋ ನೆನಪಾದವನಂತೆ, ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿಬಿಡುತ್ತಾನೆ. ಕಾದಂಬರಿಯ ಕೀಲಿಕೈ ಅದೇ ಎಂದು ನಾನು ಬಲವಾಗಿ ನಂಬುತ್ತೇನೆ. ಕಿಟಕಿ ಒಡೆದದ್ದಕ್ಕಾಗಿ ಹುಡುಗನನ್ನು ಮನೋವೈದ್ಯರಿಗೆ ತೋರಿಸಬೇಕೆಂದು ಮನೆಯವರು ಆಲೋಚಿಸಿದರೇ ಹೊರತು, ಅವನೊಡನೆ ಕುಳಿತು ಆಲಿಯ ಹೆಸರೆತ್ತಿ ಅತ್ತವರ ಪ್ರಸ್ತಾಪವು ಪುಸ್ತಕದಲ್ಲೆಲ್ಲಿಯೂ ಬರುವುದಿಲ್ಲ. ತಾಯಿ ಆ ಸಾವಿನಿಂದ ಇನ್ನೂ ಚೇತರಿಸಿಕೊಳ್ಳದೆ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯುತ್ತಾಳೆ. ತಂದೆ ವಕೀಲ, ಸದಾ ಕಾರ್ಯಮಗ್ನ. ಅಣ್ಣನು ಹಾಲಿವುಡ್ಡಿಗೆ ಹೋಗಿದ್ದಾನೆ. ಮಕ್ಕಳನ್ನು ಒಂದು ವಸತಿಶಾಲೆಯಿಂದ ಇನ್ನೊಂದಕ್ಕೆ ಕಳುಹಿಸುವ ಅನುಕೂಲವಿದ್ದ ಆ ಮನೆಯಲ್ಲಿ ಶೋಕವನ್ನು ಹಂಚಿಕೊಳ್ಳುವ ಜಾಗ ಮಾತ್ರ ಇರಲಿಲ್ಲ. ಆದ್ದರಿಂದಲೇ ಅವನು ಐದನೆಯ ಅವೆನ್ಯೂವಿನಲ್ಲಿ ಒಂದೊಂದು ಬೀದಿ ದಾಟುವಾಗಲೂ ತಾನು ಕಾಣೆಯಾಗಿಬಿಡುವೆನೆಂಬ ಭಯದಿಂದ, ಸತ್ತ ತಮ್ಮನನ್ನೇ ಕರೆದು ತನ್ನನ್ನು ಉಳಿಸೆಂದು ಬೇಡಿಕೊಳ್ಳುತ್ತಾನೆ. ನಿನಗೆ ಪ್ರಿಯವಾದದ್ದು ಒಂದನ್ನಾದರೂ ಹೇಳೆಂದು ಹತ್ತು ವರ್ಷದ ತಂಗಿ ಫೀಬಿ ಕೇಳಿದಾಗ ಅವನ ಬಾಯಿಂದ ಬರುವ ಹೆಸರೂ ಆಲಿಯದೇ. ಅವನು ಸತ್ತುಹೋಗಿದ್ದಾನಲ್ಲ ಎಂದು ಆ ಮಗು ಅನ್ನುತ್ತದೆ. ಸತ್ತ ಮಾತ್ರಕ್ಕೆ ಪ್ರೀತಿಸುವುದನ್ನು ನಿಲ್ಲಿಸಬೇಕೆ ಎಂಬುದು ಹೋಲ್ಡನ್ನನ ವಾದ. ಇಡೀ ಪುಸ್ತಕದಲ್ಲಿ ಅವನು ಇಷ್ಟು ನೇರವಾಗಿ ಇನ್ನೆಲ್ಲಿಯೂ ಮಾತನಾಡಿಲ್ಲ.

ಸ್ಯಾಲಿಂಜರ್ ಸ್ವತಃ ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಇಳಿದ ಸೈನಿಕರಲ್ಲೊಬ್ಬರಾಗಿ, ಮಾನಸಿಕವಾಗಿ ಜರ್ಜರಿತರಾಗಿ ಜರ್ಮನಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು. ಮುಂದೆ ನ್ಯೂಯಾರ್ಕಿನ ರಾಮಕೃಷ್ಣ-ವಿವೇಕಾನಂದ ಕೇಂದ್ರದ ಸಂಪರ್ಕಕ್ಕೆ ಬಂದು ವೇದಾಂತದಲ್ಲಿ ಆಸಕ್ತರಾದವರು. ಸಾವನ್ನು ಹತ್ತಿರದಿಂದ ಕಂಡ ಕೈಯೇ ಈ ಪುಸ್ತಕವನ್ನು ಬರೆದದ್ದು.

ಇನ್ನು ನಮ್ಮ ಕಡೆಯ ಹುಡುಗ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಹೊರಬಂದಿತು. ತುಮಕೂರಿನಿಂದ ಗುಬ್ಬಿಯ ಮಾರ್ಗವಾಗಿ ತಿಪಟೂರಿಗೆ ಹೋಗುವ ರೈಲಿನಲ್ಲಿ ಕುಳಿತವರು ಕಿಟಕಿಯಿಂದ ಕಾಣುವ ತೆಂಗಿನ ತೋಟ, ರಾಗಿಯ ಹೊಲ, ಬತ್ತಿದ ಕೆರೆಯಂಗಳಗಳೇ ಆ ಕಾದಂಬರಿಯ ರಂಗಭೂಮಿ. ತಿಪಟೂರು ಚನ್ನರಾಯಪಟ್ಟಣಗಳ ನಡುವಿನ ಆ ಸೀಮೆಯ ಮಾತೇ ಅದರ ಮಾತು. ಹೊಟ್ಟೆಯೊಂದನ್ನುಳಿದು ಇನ್ನಾವುದರ ಪರಿವೆಯೂ ಇಲ್ಲದ ಗಂಡ ಚೆನ್ನಿಗರಾಯ, ಬಾಯಿ ತೆರೆದರೆ ಶಾಪವನ್ನೇ ಉದುರಿಸುವ ಅತ್ತೆ ಗಂಗಮ್ಮ, ಇವರ ನಡುವೆ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ, ಮೂವರು ಮಕ್ಕಳನ್ನು ಸಾಕುವ ನಂಜಮ್ಮನು ಕನ್ನಡ ಕಥಾಸಾಹಿತ್ಯದ ಮಹಾಸ್ತ್ರೀಯರಲ್ಲಿ ಒಬ್ಬಳೆನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಮಗಳು ಪಾರ್ವತಿ, ಮಗ ರಾಮಣ್ಣ, ಇಬ್ಬರೂ ಒಬ್ಬರ ಹಿಂದೊಬ್ಬರಂತೆ ಪ್ಲೇಗಿಗೆ ಬಲಿಯಾಗುತ್ತಾರೆ. ಕಡೆಗೆ ನಂಜಮ್ಮನೂ ಅದೇ ರೋಗದಿಂದ ಹೋಗುತ್ತಾಳೆ. ಉಳಿಯುವವನು ಕಿರಿಯ ಮಗ ವಿಶ್ವ.

1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿಯು ಅಲ್ಲಿಂದ ಮುಂದೆ ಅರ್ಧ ಶತಮಾನದ ಕಾಲ ಮೈಸೂರು ಸಂಸ್ಥಾನದ ಹಳ್ಳಿಗಳಿಗೆ ಮತ್ತೆ ಮತ್ತೆ ಬಂದು ಹೋಗುತ್ತಿದ್ದುದನ್ನು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳದ ತುಮಕೂರಿನವರು ವಿರಳ. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು. ಊರಾಚೆಯ ಹೊಲದಲ್ಲಿ ಷೆಡ್ಡು ಹಾಕಿಕೊಂಡು ವಾಸಮಾಡಬೇಕು. ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗೆಡ್ಡೆ ಎದ್ದರೆ ಮುಟ್ಟಲು ಬಂಧುಗಳೂ ಹಿಂಜರಿಯುತ್ತಿದ್ದರು. ಸತ್ತವರಿಗಾಗಿ ಅಳುವುದಕ್ಕೂ ಬಿಡುವಿಲ್ಲದ ಕಾಲವದು.

ವಿಶ್ವನು ‘ಗೃಹಭಂಗ’ದ ನಿರೂಪಕನಲ್ಲ, ಅವನ ಒಳಮನಸ್ಸು ನಮಗೆ ಅಲ್ಲಲ್ಲಿ ಮಾತ್ರ ಕಾಣುವುದು. ಆ ಹುಡುಗನು ‘ನಾನು’ ಎಂದು ಬಾಯಿ ತೆರೆದುದನ್ನು ಕೇಳಬೇಕಾದರೆ ಕಾದಂಬರಿ ಬಂದು ಕಾಲು ಶತಮಾನ ಕಳೆದ ಮೇಲೆ, 1996ರಲ್ಲಿ, ಭೈರಪ್ಪನವರು ಪ್ರಕಟಿಸಿದ ಆತ್ಮವೃತ್ತಾಂತ ‘ಭಿತ್ತಿ’ಯನ್ನು ತೆರೆಯಬೇಕು. ಅಲ್ಲಿ ಲೇಖಕರ ಸ್ವಂತ ತಾಯಿ ಪ್ಲೇಗಿನಿಂದ ತೀರಿಕೊಳ್ಳುತ್ತಾರೆ, ಒಡಹುಟ್ಟಿದವರೂ ಹೋಗುತ್ತಾರೆ; ಸತ್ತ ತಮ್ಮನ ಶವವನ್ನು ಬಾಲಕನು ತನ್ನ ಹೆಗಲ ಮೇಲೆ ತಾನೇ ಹೊತ್ತು ಸ್ಮಶಾನಕ್ಕೆ ಒಯ್ಯುತ್ತಾನೆ. ಈ ಪುಟಗಳನ್ನು ನಾನು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆನು. ಮ್ಯಾನ್‌ಹಟನ್ನಿನ ಶ್ರೀಮಂತರ ಮಗನಿಗೆ ತಮ್ಮನ ಶವದ ಹಿಂದೆ ನಾಲ್ಕು ಹೆಜ್ಜೆ ನಡೆಯುವ ಅವಕಾಶವೂ ದೊರೆಯಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಬಡ ಹುಡುಗನಿಗೆ ಶವವನ್ನು ಹೊರುವುದಕ್ಕೆ ತನ್ನನ್ನುಳಿದು ಇನ್ನೊಬ್ಬರು ದೊರೆಯಲಿಲ್ಲ. ಒಬ್ಬನು ಕಲ್ಪನೆಯ ಪಾತ್ರ, ಇನ್ನೊಬ್ಬನು ರಕ್ತಮಾಂಸದ ಮನುಷ್ಯ ಎಂಬ ಭೇದವನ್ನು ನಾನು ಮರೆತಿಲ್ಲ. ಆದರೂ ಇಬ್ಬರಿಗೂ ಆ ಹೊತ್ತಿನಲ್ಲಿ ಇಲ್ಲದೆಹೋದುದು ಒಂದೇ: ಪಕ್ಕದಲ್ಲಿ ನಡೆಯುವ ಒಬ್ಬ ಹಿರಿಯ.

ಮುಂದೆ ಇಬ್ಬರೂ ಅಲೆಯುತ್ತಾರೆ. ಹೋಲ್ಡನ್ನನದು ಕೆಲವೇ ದಿನಗಳ ಅಲೆದಾಟ, ಕ್ಯಾಲಿಫೋರ್ನಿಯದ ಶುಶ್ರೂಷಾಲಯದಲ್ಲಿ ಮುಗಿಯುತ್ತದೆ. ಭೈರಪ್ಪನವರದು ವರ್ಷಗಳದು, ಅನ್ನಕ್ಕಾಗಿ ಮಾಡಿದ ಕೆಲಸಗಳಲ್ಲಿ ಊದುಬತ್ತಿ ಮಾರಿದ್ದೂ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಕೂಲಿಯಾಗಿ ದುಡಿದದ್ದೂ ಉಂಟು. ಸಾವಿನ ಅರ್ಥವೇನೆಂಬ ಪ್ರಶ್ನೆಯೇ ತಮ್ಮನ್ನು ತತ್ತ್ವಶಾಸ್ತ್ರದ ಅಧ್ಯಯನಕ್ಕೆ ಕರೆತಂದಿತೆಂದು ಅವರು ಹೇಳಿಕೊಂಡಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅವರು ನಮ್ಮನ್ನಗಲಿದಾಗ ಅವರ ವಿಚಾರಗಳನ್ನೊಪ್ಪುವವರೂ ಒಪ್ಪದವರೂ ಒಟ್ಟಾಗಿ ಸ್ಮರಿಸಿದ ಕೃತಿ ‘ಗೃಹಭಂಗ’ವೇ ಎಂಬುದು ಅರ್ಥಪೂರ್ಣವಾಗಿದೆ.

ಹಿರಿಯರು ಇಲ್ಲವೇ ಇಲ್ಲವೆಂದಲ್ಲ. ಹೋಲ್ಡನ್ನನಿಗೆ ಆಂಟೊಲಿನಿ ಎಂಬ ಹಳೆಯ ಉಪಾಧ್ಯಾಯರಿದ್ದಾರೆ. ಸಹಪಾಠಿಗಳ ಹಿಂಸೆಯನ್ನು ತಾಳಲಾರದೆ ಕಿಟಕಿಯಿಂದ ಹಾರಿ ಸತ್ತ ಜೇಮ್ಸ್ ಕಾಸಲ್ ಎಂಬ ಬಾಲಕನ ಮೇಲೆ ತಮ್ಮ ಕೋಟನ್ನು ಹೊದಿಸಿ, ಅದು ರಕ್ತವಾದೀತೆಂಬ ಲಕ್ಷ್ಯವಿಲ್ಲದೆ ಅವನನ್ನು ಎತ್ತಿಕೊಂಡು ಹೋದವರು ಇವರೇ. ಹೋಲ್ಡನ್ ಅವರ ಮನೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಆದರೆ ನಡುರಾತ್ರಿಯಲ್ಲಿ ತಲೆಯ ಮೇಲೆ ಅವರ ಕೈ ಆಡುತ್ತಿರುವುದನ್ನು ಕಂಡು ಹೆದರಿ ಅಲ್ಲಿಂದಲೂ ಓಡುತ್ತಾನೆ. ‘ಗೃಹಭಂಗ’ದಲ್ಲಿ ಈ ಸ್ಥಾನವನ್ನು ಪಡೆದವನು ಮಹಾದೇವಯ್ಯ. ಜಾತಿಯಿಂದಲೂ ರಕ್ತದಿಂದಲೂ ಏನೂ ಸಂಬಂಧವಿಲ್ಲದ, ಜೋಳಿಗೆ ಹಿಡಿದು ಭಿಕ್ಷೆಯೆತ್ತಿ ಬದುಕುವ ಈ ಅಯ್ಯನು ಕಾದಂಬರಿಯ ಕಡೆಯಲ್ಲಿ ತಾಯಿಯಿಲ್ಲದ ವಿಶ್ವನನ್ನು ಕರೆದುಕೊಂಡು ಊರು ಬಿಟ್ಟು ಹೊರಡುತ್ತಾನೆ. ಕುಣಿಗಲಿನಿಂದ ಎಡೆಯೂರು ಸಿದ್ಧಲಿಂಗೇಶ್ವರನ ಜಾತ್ರೆಗೆ ನಡೆದುಹೋಗುವ ಕಾವಿಯ ಜಂಗಮರನ್ನು ಚಿಕ್ಕಂದಿನಲ್ಲಿ ಕಂಡವರಿಗೆ ಮಹಾದೇವಯ್ಯನು ಅಪರಿಚಿತನಲ್ಲ. ಅವನು ಹುಡುಗನಿಗೆ ದೊಡ್ಡ ಉಪದೇಶವನ್ನೇನೂ ಮಾಡುವುದಿಲ್ಲ, ಜೊತೆಯಲ್ಲಿ ನಡೆಯುತ್ತಾನೆ. ಆಂಟೊಲಿನಿ ನುಡಿದ ಎಷ್ಟೋ ಬುದ್ಧಿಮಾತುಗಳಿಗಿಂತ ಈ ನಡಿಗೆ ಹೆಚ್ಚಿನದೆಂದು ನನ್ನ ನಿರ್ಣಯ.

ನಮ್ಮ ಸೀಮೆಯಲ್ಲಿ ಮಕ್ಕಳು ದೊಡ್ಡವರೊಡನೆ ಕುಳಿತು ಅಳುವುದಕ್ಕೆ ಒಂದು ಕಾಲದಲ್ಲಿ ನಾಟಕದ ಟೆಂಟೂ ಜಾಗ ಕೊಟ್ಟಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿನ ಉದ್ದಗಲಕ್ಕೂ ಬೆಳಗಿಸಿದ ಗುಬ್ಬಿ ವೀರಣ್ಣನವರು, ಅವರನ್ನು ಅನುಸರಿಸಿ ಬಂದ ಹತ್ತಾರು ಮೇಳಗಳು, ಇವುಗಳ ಕಾಲದಲ್ಲಿ ಜನ ಹರಿಶ್ಚಂದ್ರನ ನಾಟಕಕ್ಕೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡೇ ಹೋಗುತ್ತಿದ್ದರು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿಯು ಸ್ಮಶಾನಕ್ಕೆ ಬಂದು ಪ್ರಲಾಪಿಸುವಾಗ, ಪ್ಲೇಗಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ತಮ್ಮ ಮಕ್ಕಳಿಗಾಗಿ ಅತ್ತಿರಬೇಕು. ಪಕ್ಕದಲ್ಲಿದ್ದ ಮಗು ತಾಯಿಯ ಅಳುವನ್ನು ಕಂಡು, ಅಳಬಹುದೆಂಬುದನ್ನು ಕಲಿತಿರಬೇಕು. ನಟರನ್ನೂ ಸಿನಿಮಾವನ್ನೂ ಕಪಟವೆಂದು ದ್ವೇಷಿಸುವ ಹೋಲ್ಡನ್ನನಿಗೆ ಅಂಥ ಒಂದು ರಾತ್ರಿ ದೊರೆತಿದ್ದರೆ ಎಂದು ನಾನು ಎಷ್ಟೋ ಸಲ ಹಂಬಲಿಸಿದ್ದುಂಟು.

ಇನ್ನೊಂದು ಪ್ರಸಂಗವು ನಮ್ಮ ಕಾಲದ್ದೇ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡವರು, ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಡುವ ಕೇಂದ್ರವಾಗಿ ಆ ಮಠವನ್ನು ಬೆಳೆಸಿದರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಶಿವೈಕ್ಯರಾದರು. ತಮ್ಮ ಮರಣವಾರ್ತೆಯನ್ನು ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು; ಹಾಗೆಯೇ ಮಧ್ಯಾಹ್ನದ ಪ್ರಸಾದವಾದ ಅನಂತರ ಸುದ್ದಿಯನ್ನು ಪ್ರಕಟಿಸಲಾಯಿತು. ಮಕ್ಕಳಿಂದ ಅದನ್ನು ಯಾರೂ ಮುಚ್ಚಿಡಲಿಲ್ಲ. ಹಸಿವಾರಿದ ಮೇಲೆ ಹೇಳಿದರು. ಸಾವಿರಾರು ಹುಡುಗರು ಲಕ್ಷಾಂತರ ಜನರ ನಡುವೆ ಗೋಳಾಡಿ ಅತ್ತರು. ಮಕ್ಕಳಿಗೆ ಸಾವನ್ನು ಹೇಗೆ ತಿಳಿಸಬೇಕೆಂಬುದಕ್ಕೆ ಇದಕ್ಕಿಂತ ಕರುಣೆಯುಳ್ಳ ನಿದರ್ಶನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಕಡಲಾಚೆಯ ನಮ್ಮ ಮನೆಗಳಲ್ಲಿ ಈಚೆಗೆ ನಡೆಯುತ್ತಿರುವುದನ್ನು ಇದರೊಡನೆ ಹೋಲಿಸಿ ನೋಡಬೇಕಾಗಿದೆ. ನಡುರಾತ್ರಿ ತುಮಕೂರಿನಿಂದ ಫೋನು ಬರುತ್ತದೆ. ಬೆಳಗಾಗುವುದರೊಳಗೆ ತಂದೆಯೋ ತಾಯಿಯೋ ಒಬ್ಬರೇ ವಿಮಾನ ಹತ್ತುತ್ತಾರೆ. ಪರೀಕ್ಷೆಯಿದೆ, ಟಿಕೇಟು ದುಬಾರಿ, ಎಳೆಯ ಮನಸ್ಸು ನೊಂದೀತು ಎಂಬ ಕಾರಣಗಳಿಗಾಗಿ ಮಕ್ಕಳು ಇಲ್ಲಿಯೇ ಉಳಿದು ಎಂದಿನಂತೆ ಶಾಲೆಯ ಬಸ್ಸು ಹತ್ತುತ್ತಾರೆ. ಬೇಸಿಗೆಯ ರಜೆಗಳಲ್ಲಿ ತಮಗೆ ರಾಗಿಮುದ್ದೆ ನುಂಗುವುದನ್ನು ಕಲಿಸಿದ ಅಜ್ಜಿಯ ದೇಹ ಯಾವ ಮಣ್ಣಿಗೆ ಅಥವಾ ಯಾವ ಚಿತೆಗೆ ಸೇರಿತೆಂಬುದು ಅವರಿಗೆ ತಿಳಿಯುವುದಿಲ್ಲ. ಹಾಲುತುಪ್ಪವೋ ವೈಕುಂಠ ಸಮಾರಾಧನೆಯೋ ಶಿವಗಣಾರಾಧನೆಯೋ ಮುಗಿಸಿ ಹಿಂದಿರುಗಿದ ತಂದೆ, ಮಕ್ಕಳ ಮುಂದೆ ಕಣ್ಣೀರು ಹಾಕಬಾರದೆಂದು ಮೌನ ವಹಿಸುತ್ತಾನೆ. ಪ್ರೀತಿಯಿಂದಲೇ ಮಾಡುವ ಈ ಏರ್ಪಾಡು ನಮ್ಮ ಮಕ್ಕಳನ್ನೂ ಹೋಲ್ಡನ್ನನ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಮುಂದೆಂದೋ ಅವರು ಕಾರಣವಿಲ್ಲದೆ ರೇಗಿದಾಗ, ಪಾಠದಲ್ಲಿ ಹಿಂದೆ ಬಿದ್ದಾಗ, ನಾವು ಗೆಳೆಯರನ್ನೂ ಮೊಬೈಲನ್ನೂ ದೂರುತ್ತೇವೆ.

ಇದನ್ನು ಓದುವ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಸಾಧ್ಯವಿದ್ದರೆ ಮಕ್ಕಳನ್ನೂ ಊರಿಗೆ ಕರೆದುಕೊಂಡು ಹೋಗಿರಿ. ಮೂರು ಪಿಡಿ ಮಣ್ಣನ್ನೋ ಅಕ್ಕಿಕಾಳನ್ನೋ ಅವರ ಕೈಯಿಂದಲೂ ಹಾಕಿಸಿರಿ. ಸಾಧ್ಯವಾಗದಿದ್ದರೆ, ಹಿಂದಿರುಗಿದ ದಿನವೇ ಅವರ ಪಕ್ಕದಲ್ಲಿ ಕುಳಿತು ನಡೆದುದನ್ನೆಲ್ಲ ಹೇಳಿರಿ, ಅಳು ಬಂದರೆ ಅವರ ಮುಂದೆಯೇ ಅತ್ತುಬಿಡಿರಿ. ಮಗಳು ಶಾಲೆಯಿಂದ ಸ್ಯಾಲಿಂಜರ್ ಅವರ ಪುಸ್ತಕವನ್ನು ತಂದಾಗ ಅದನ್ನು ನೀವೂ ಪೂರ್ತಿ ಓದಿರಿ. ಅವಳು ಅದನ್ನು ಮುಗಿಸಿದ ಮೇಲೆ, ಕನ್ನಡ ಓದಲು ಬಾರದವಳಾದರೆ ದಿನಕ್ಕೆ ನಾಲ್ಕು ಪುಟದಂತೆ, ‘ಗೃಹಭಂಗ’ವನ್ನು ನೀವೇ ಅವಳಿಗೆ ಓದಿ ಹೇಳಿರಿ.