ಮೂಲ, ಲಾಭ ಮತ್ತು ವಿವೇಕ

ಧರ್ಮಾರ್ಥಕಾಮಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ನಮ್ಮ ಹಿರಿಯರು ಅರ್ಥವನ್ನು ಧರ್ಮದ ಬೆನ್ನಿಗೇ ಇರಿಸಿದ್ದಾರೆ. ಧನವನ್ನು ಹೀಗಳೆಯುವುದು ಸುಲಭ. ಅದನ್ನು ನ್ಯಾಯವಾಗಿ ನಿರ್ವಹಿಸುವುದು ಕಷ್ಟ. ಈ ಕಷ್ಟವು ಒಂದು ಮನೆತನದ ವ್ಯಾಜ್ಯದ ರೂಪದಲ್ಲಿ ನಮ್ಮ ಮುಂದೆ ಬಂದಿತ್ತು. ಅದನ್ನೇ ನಿಮಿತ್ತವಾಗಿಟ್ಟುಕೊಂಡು ಸದ್ಭಕ್ತರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಅರಸೀಕೆರೆಯ ಕಡೆಯ ಭಕ್ತರೊಬ್ಬರು ತಮ್ಮ ಇಬ್ಬರು ಮಕ್ಕಳೊಡನೆ ಮಠಕ್ಕೆ ಬಂದಿದ್ದರು. ಅವರಿಗೆ ತೆಂಗಿನ ತೋಟವುಂಟು, ಕೊಬ್ಬರಿಯ ವ್ಯಾಪಾರವುಂಟು. ಆ ವರ್ಷ ಕೊಬ್ಬರಿಯ ಧಾರಣೆ ಏರಿತ್ತು. ಕಿರಿಯ ಮಗನು ಅಟ್ಟದ ಮೇಲಿನ ಕಾಯಿಗೆಲ್ಲ ಆ ಧಾರಣೆಯಂತೆ ಬೆಲೆ ಕಟ್ಟಿ, ತನ್ನ ಪಾಲಿನ ಲಾಭವನ್ನು ಕೂಡಲೇ ಕೊಡಬೇಕೆಂದು ಹಟ ಹಿಡಿದಿದ್ದನು. ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯನು ಒಂದು ಕಾಸನ್ನೂ ಹೊರತೆಗೆಯಲು ಒಪ್ಪಿರಲಿಲ್ಲ. ಲೆಕ್ಕದ ಪುಸ್ತಕವನ್ನೂ ತಮ್ಮನಿಗೆ ತೋರಿಸಿರಲಿಲ್ಲ. “ಬುದ್ಧೀ, ಇವರಿಬ್ಬರಲ್ಲಿ ಯಾರ ಮಾತು ನ್ಯಾಯ? ತಾವೇ ಅಪ್ಪಣೆ ಕೊಡಿಸಬೇಕು” ಎಂದು ತಂದೆ ಕೈಮುಗಿದರು.

ಉಂಡೆ ಕೊಬ್ಬರಿಯ ಕ್ರಮವನ್ನು ಬಲ್ಲವರಿಗೆ ಈ ವ್ಯಾಜ್ಯದ ಮರ್ಮ ತಿಳಿಯುತ್ತದೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಒಡೆಯುವ ತನಕ ಯಾವುದು ಉಂಡೆ, ಯಾವುದು ಕೊಳೆತದ್ದು ಎಂಬುದು ನಿಶ್ಚಯವಿಲ್ಲ. ಮಾರಿ ಹಣ ಕೈಸೇರುವ ತನಕ ಧಾರಣೆಯೂ ನಿಶ್ಚಯವಿಲ್ಲ. ಅಷ್ಟರೊಳಗೆ ತೋಟದ ಕೂಲಿ, ಗೊಬ್ಬರ, ಸಾಲದ ಬಡ್ಡಿಗಳು ಕಾಯುವುದಿಲ್ಲ. ಆದುದರಿಂದ ಅಟ್ಟದ ಮೇಲಿನ ಕಾಯಿಯ ಬೆಲೆಯು ಆಶೆಯೇ ಹೊರತು ಲಾಭವಲ್ಲ. ಅದನ್ನು ಲಾಭವೆಂದು ಹಂಚಿಕೊಂಡವನು ತನಗರಿವಿಲ್ಲದೆಯೇ ಮೂಲವನ್ನು ತಿನ್ನುತ್ತಾನೆ.

ಕೋಟ್ಯಂತರ ರೂಪಾಯಿ ಬಂಡವಾಳದ ಕಂಪನಿಗಳಲ್ಲಿಯೂ ಪ್ರಶ್ನೆ ಇದೇ. ವ್ಯಾಪಾರಸಂಸ್ಥೆಯ ಸಾಮಾಜಿಕ ಹೊಣೆಯೆಂದರೆ ಕಟ್ಟುಪಾಡುಗಳೊಳಗಿದ್ದು ಲಾಭವನ್ನು ಹೆಚ್ಚಿಸುವುದೇ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದನು. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕಂಪನಿ ಮುಳುಗಿದರೆ ಸಾಲ ಕೊಟ್ಟವರಿಗೂ ಕೆಲಸಗಾರರಿಗೂ ಸಲ್ಲತಕ್ಕದ್ದು ಸಂದ ಮೇಲೆ, ಏನಾದರೂ ಉಳಿದರೆ ಮಾತ್ರ ಷೇರುದಾರನಿಗೆ. ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಉಳಿತಾಯವನ್ನು ಷೇರುಗಳಲ್ಲಿ ತೊಡಗಿಸಿದ್ದರೆ ಅವರು ನಷ್ಟದ ಭಯವನ್ನೂ ಹೊತ್ತಿರುತ್ತಾರೆ. ಅವರು ಲಾಭಾಂಶವನ್ನು ನಿರೀಕ್ಷಿಸುವುದು ಲೋಭವಲ್ಲ.

ಆದರೆ ಷೇರಿನ ಪೇಟೆಯ ಬೆಲೆಯನ್ನೇ ಸಂಸ್ಥೆಯ ಯೋಗ್ಯತೆಯೆಂದು ಬಗೆದಾಗ ಅನರ್ಥ ಮೊದಲಾಗುತ್ತದೆ. ಪೇಟೆಯಲ್ಲಿ ಷೇರು ನೋಂದಾಯಿಸಿದ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಫಲಿತಾಂಶವನ್ನು ಪ್ರಕಟಿಸಬೇಕು. ತೆಂಗಿನ ಕಾಯಿಯೊಂದು ಉಂಡೆಯಾಗುವಷ್ಟರಲ್ಲಿ ಮೂರು ನಾಲ್ಕು ಬಾರಿ ಈ ಪರೀಕ್ಷೆ! ಬೆಲೆ ಇಳಿದೀತೆಂಬ ಭೀತಿಯು ದುರ್ಬಲ ಮನಸ್ಸನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದನ್ನು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಪ್ರಕರಣವು ತೋರಿಸಿಕೊಟ್ಟಿತು. ಇಲ್ಲದ ಲಾಭವನ್ನೂ ಬ್ಯಾಂಕಿನಲ್ಲಿಲ್ಲದ ಹಣವನ್ನೂ ವರ್ಷಗಟ್ಟಲೆ ಲೆಕ್ಕದಲ್ಲಿ ತೋರಿಸಿದ್ದುದಾಗಿ ಅದರ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು 2009ರ ಜನವರಿ 7ರಂದು ಒಪ್ಪಿಕೊಂಡರು. ಅಂದು ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿಯಿತು. ಷೇರುದಾರರ ಹೆಸರಿನಲ್ಲಿ ಬೆಲೆಯನ್ನು ಕಾಪಾಡಹೊರಟ ಸುಳ್ಳು ಷೇರುದಾರರನ್ನೇ ಮುಳುಗಿಸಿತು.

ಅರಸೀಕೆರೆಯ ಕಿರಿಯ ಮಗನಿಗೂ ಆ ದೊಡ್ಡ ಸಂಸ್ಥೆಗೂ ಹೋಲಿಕೆಯೆಲ್ಲಿ? ಒಬ್ಬನದು ಅವಿವೇಕ, ಇನ್ನೊಂದು ಕಡೆ ವಂಚನೆ. ಇವೆರಡೂ ಒಂದೇ ಎನ್ನಲಾಗದು. ಆದರೆ ಲಾಭವಲ್ಲದ್ದನ್ನು ಲಾಭವೆಂದು ಕರೆಯುವ ಮೊದಲ ತಪ್ಪು ಎರಡಕ್ಕೂ ಸಮಾನ.

ಹಾಗಾದರೆ ಹಿರಿಯನೇ ಸರಿಯೆ? ಅವನೂ ಸರಿಯಲ್ಲ. ನಾಳೆಗೆಂದು ಮೀಸಲಿಡುವುದು ವಿವೇಕ. ಎಷ್ಟು, ಏತಕ್ಕೆ ಎಂಬುದನ್ನು ಪಾಲುಗಾರನಿಂದ ಮರೆಮಾಚುವುದು ಅಧಿಕಾರದ ಆಶೆ. ದೊಡ್ಡ ಕಂಪನಿಗಳ ಆಡಳಿತಗಾರರಲ್ಲಿಯೂ ಭವಿಷ್ಯದ ಹೆಸರು ಹೇಳಿ ಹಣವನ್ನು ತಮ್ಮ ಹಿಡಿತದಲ್ಲಿರಿಸಿಕೊಳ್ಳುವವರುಂಟು. ನಮ್ಮ ದೇಶದ 2013ರ ಕಂಪನಿ ಕಾಯಿದೆಯು ಯಂತ್ರ ಕಟ್ಟಡಗಳ ಸವಕಳಿಯನ್ನು ಕಳೆದು ಉಳಿದ ಲಾಭದಿಂದಲೇ ಲಾಭಾಂಶ ಕೊಡಬೇಕೆನ್ನುತ್ತದೆ. ನಿರ್ದೇಶಕರು ಷೇರುದಾರರ ಹಿತದೊಡನೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ನೋಡಬೇಕೆಂದು 166ನೆಯ ಪ್ರಕರಣದಲ್ಲಿ ವಿಧಿಸುತ್ತದೆ. ಕಾಯಿದೆಯು ಇಷ್ಟನ್ನು ಹೇಳಬಲ್ಲುದು. ಇದು ನನ್ನದು, ಇದು ನನ್ನದಲ್ಲ ಎಂಬ ಅಂತರಂಗದ ಅರಿವನ್ನು ಅದು ಕೊಡಲಾರದು. ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನಲ್ಲಿ ಯಾವ ಲೆಕ್ಕಪರಿಶೋಧಕನೂ ಇರಲಿಲ್ಲ, ಆ ಅರಿವಿತ್ತು.

ಸಹೋದರರಿಗೆ ನಾವು ಹೇಳಿದುದಿಷ್ಟು: ಮಾರಿ ಬಂದ ಹಣದಲ್ಲಿ ಮೊದಲು ಕೂಲಿಕಾರರ ಬಾಕಿ ತೀರಿಸಿರಿ, ಸಾಲದ ಕಂತು ಕಟ್ಟಿರಿ, ಬರುವ ವರ್ಷದ ತೋಟದ ಖರ್ಚನ್ನು ಎತ್ತಿಡಿರಿ. ಉಳಿದುದನ್ನು ಸಮನಾಗಿ ಹಂಚಿಕೊಳ್ಳಿರಿ. ಪ್ರತಿವರ್ಷ ದೀಪಾವಳಿಯ ಖಾತೆಪೂಜೆಯಂದು ಲೆಕ್ಕವನ್ನು ಇಬ್ಬರೂ ಕುಳಿತು, ತಾಯಿತಂದೆಯರ ಸಮಕ್ಷಮದಲ್ಲಿ ಗಟ್ಟಿಯಾಗಿ ಓದಿರಿ. ಹಿರಿಯನು ಸ್ವಲ್ಪ ಹೊತ್ತು ತಲೆತಗ್ಗಿಸಿದ್ದು, ಬಳಿಕ ಪುಸ್ತಕವನ್ನು ತಮ್ಮನ ಮುಂದಿಡಲು ಒಪ್ಪಿದನು.

ಬೇಲೂರು ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಯ ಶಿಲ್ಪವನ್ನು ಜಗತ್ತೇ ಕೊಂಡಾಡುತ್ತಿದೆ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಅಷ್ಟೇ ಆದರಣೀಯವಾದ ಇನ್ನೊಂದು ವ್ಯವಸ್ಥೆಯುಂಟು: ದಾನಿಯು ಕೊಟ್ಟ ಗದ್ಯಾಣಗಳನ್ನು ಮೂಲವಾಗಿ ಉಳಿಸಿ, ಅವುಗಳ ಬಡ್ಡಿಯಿಂದ ನಂದಾದೀಪಕ್ಕೆ ಎಣ್ಣೆಯನ್ನೊದಗಿಸುವುದು. ಮೂಲವನ್ನೇ ಉರಿಸಿದರೆ ನಾಳೆ ಕತ್ತಲೆ. ಬಡ್ಡಿಯನ್ನು ಬಚ್ಚಿಟ್ಟರೆ ಇಂದೇ ಕತ್ತಲೆ. ಭಕ್ತರ ಕಾಣಿಕೆಯಿಂದ ನಡೆಯುವ ನಮ್ಮ ಮಠದ ಲೆಕ್ಕಕ್ಕೂ ಇದೇ ಅಳತೆಗೋಲು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಾಗಲಿ, ಮಹಾಸಂಸ್ಥೆಯ ನಿರ್ದೇಶಕರಾಗಲಿ, ತಮ್ಮ ಕೈಯಲ್ಲಿರುವುದು ಇತರರ ದೀಪದ ಎಣ್ಣೆಯೂ ಹೌದೆಂಬುದನ್ನು ಮರೆಯದಿರಲಿ ಎಂದು ಹಾರೈಸುತ್ತೇವೆ.